ಅಪ್ಪನ ಹಾಳೆಯ ಖಾಲಿ ಚೌಕಗಳು

ನಮ್ಮ ಮನೆಯಲ್ಲಿ ಸುಮ್ಮನೆ ಕೂತವರನ್ನು ನಾನು ನೋಡಿದ್ದೇ ಕಡಿಮೆ. ಕೂರಲು ಜಾಗವಿದ್ದರೆ ತಾನೆ? ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ, ಮೂರನೆಯ ಮಾಳಿಗೆಯಲ್ಲಿ, ಒಂದು ಅಡುಗೆಮನೆ, ಒಂದು ಕೋಣೆ, ಹೊರಗೆ ಎಲ್ಲ ಬಾಡಿಗೆದಾರರಿಗೂ ಸೇರಿದ ಉದ್ದನೆಯ ಗ್ಯಾಲರಿ. ಬೆಳಗ್ಗೆ ನಲ್ಲಿ ಗೊರಗೊರ ಎಂದ ಕೂಡಲೇ ಹಾಸಿಗೆ ಸುತ್ತಬೇಕು. ಸುತ್ತಿದ ಜಾಗದಲ್ಲಿ ಅಜ್ಜಿಯ ಪೂಜೆ, ಪೂಜೆ ಮುಗಿದ ಜಾಗದಲ್ಲಿ ಅಪ್ಪನ ಊಟದ ಮಣೆ, ಮಣೆ ಎತ್ತಿದ ಜಾಗದಲ್ಲಿ ನನ್ನ ಮತ್ತು ತಮ್ಮ ಶೀನುವಿನ ಶಾಲೆಯ ಚೀಲ. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದು. ಲೋಕಲ್ ರೈಲು ಹಾದುಹೋದಾಗಲೆಲ್ಲ ಅಡುಗೆಮನೆಯ ಗೋಡೆಗೆ ನೇತುಹಾಕಿದ ಸಟ್ಟುಗಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮನೆಯೇ ನೆಟ್ಟಗೆ ನಿಲ್ಲದಿರುವಾಗ ನಾನೊಬ್ಬಳು ನಿಲ್ಲಬೇಕು ಎಂದರೆ ಯಾವ ನ್ಯಾಯ? ನಾನು ನಿಲ್ಲುತ್ತಿರಲಿಲ್ಲ. ಮೆಟ್ಟಿಲಿಳಿಯುವುದೆಂದರೆ ನನಗೆ ಹಾರುವುದು, ಹಾಲು ತರುವುದೆಂದರೆ ಓಡುವುದು. ಕೆಳಗಿನ ಮಾಳಿಗೆಯ ಮರಾಠಿ ಕಾಕು ಲಟ್ಟಣಿಗೆಯಿಂದ ತಮ್ಮ ಸೂರನ್ನೇ ಕುಟ್ಟಿ ನನ್ನನ್ನು ಬೈಯುತ್ತಿದ್ದರು. ಅಜ್ಜಿಗಂತೂ ನನ್ನ ಕಾಲುಗಳದ್ದೇ ಚಿಂತೆ.

“ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೇ ನಾಗೂ. ಹೋದ ಮನೇಲಿ ಏನು ಮಾಡ್ತೀಯೋ, ದೇವರೇ ಬಲ್ಲ.”

ಹೋದ ಮನೆಯ ಮಾತು ಬಂದದ್ದು ಸುಮ್ಮನಲ್ಲ. ಆ ವರ್ಷ ನಾನು ದೊಡ್ಡವಳಾಗಿದ್ದೆ. ಆರತಿ ಎತ್ತಿದ್ದಾಯಿತು, ಚಿಗಳಿ ತಿನ್ನಿಸಿದ್ದಾಯಿತು, ಅದರ ಮಾರನೆಯ ದಿನವೇ ಅಜ್ಜಿ ಒಂದು ತೀರ್ಮಾನ ಹೊರಡಿಸಿದರು: ಇನ್ನು ಹುಡುಗಿ ಓಡುವುದು ಸಾಕು. ಅದೇ ವಾರ ಶಾಲೆಯಲ್ಲಿ ನಮ್ಮ ಪಿ.ಟಿ. ಮಿಸ್ಸು ನನ್ನನ್ನು ಅಂತರಶಾಲಾ ಓಟಕ್ಕೆ ಆರಿಸಿದ್ದರು. ಮೈದಾನವನ್ನು ಪೂರ್ತಿ ಒಂದು ಸುತ್ತು ಹಾಕುವ ಓಟ. ಮೊದಲ ಇಬ್ಬರಲ್ಲಿ ಬಂದರೆ ಮುಂಬಯಿಯ ತಂಡದಲ್ಲಿ ಪೂನಾಕ್ಕೆ ಹೋಗಬಹುದು. ನಾನು ಅತ್ತೆ, ಊಟ ಬಿಟ್ಟೆ, ಗ್ಯಾಲರಿಯ ಕಂಬಿ ಹಿಡಿದು ಬೀದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಅತ್ತೆ. ಕೊನೆಗೆ ಅಪ್ಪ ನಡುವೆ ಬಂದು ಒಂದು ಒಪ್ಪಂದ ಮಾಡಿದರು. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ತಯಾರಿ, ದೀಪಾವಳಿ ರಜೆ ಮುಗಿದ ಮೇಲೆ ಓಟ. ಮೊದಲ ಇಬ್ಬರಲ್ಲಿ ಬಂದರೆ ಮುಂದೆಯೂ ಓಡಬಹುದು. ಬರದಿದ್ದರೆ ಅಜ್ಜಿಯ ಮಾತೇ ಮಾತು. ಲಂಗದ ಮೇಲೆ ದಾವಣಿ, ಸಂಜೆ ಹೊಲಿಗೆ ಕ್ಲಾಸು, ಓಟಕ್ಕೆ ತಿಲಾಂಜಲಿ. ಅಜ್ಜಿ ತಲೆಯಾಡಿಸಿದರು. ನಾನು ಗೆಲ್ಲುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು ಎಂದೇ ನನ್ನ ಗುಮಾನಿ.

ಅಪ್ಪ ನನ್ನ ಪರ ನಿಂತದ್ದು ಮಗಳ ಮೇಲಿನ ಮಮತೆಯಿಂದ ಮಾತ್ರ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಅವರು ಮೈಸೂರಿನಿಂದ ಬಂದು ಫೋರ್ಟ್ ಪೇಟೆಯ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ಪ್ಲಾನು ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅವರ ಮುಖ ಅರಳುತ್ತಿತ್ತು. ಅಟ್ಟದ ಮೇಲಿನ ಡಬ್ಬಗಳಿಗೂ ಅವರ ಬಳಿ ಪ್ಲಾನು ಇತ್ತು. ಸ್ವತಃ ಲೋಕಲ್ ಹಿಡಿಯಲು ಬಿಟ್ಟರೆ ಇನ್ನಾವುದಕ್ಕೂ ಅವರು ಓಡಿದವರಲ್ಲ. ಆದರೂ ಮಾರನೆಯ ಸಂಜೆಯೇ ಫುಟ್‌ಪಾತಿನ ಹಳೇ ಪುಸ್ತಕದವನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದರು. ಮುಖಪುಟದಲ್ಲಿ ಚಿರತೆಯ ಚರ್ಮ ಉಟ್ಟ ಒಬ್ಬ ಮೀಸೆಯ ಬಿಳಿಯ ಎರಡು ಕೈಯಲ್ಲೂ ಕಬ್ಬಿಣದ ಗುಂಡು ಎತ್ತಿಕೊಂಡು ನಿಂತಿದ್ದ. ಅಜ್ಜಿ ಅವನನ್ನು ಒಮ್ಮೆ ನೋಡಿ, ಪುಸ್ತಕವನ್ನು ದೇವರ ಗೂಡಿನಿಂದ ಆದಷ್ಟು ದೂರ ಇಡಲು ಹೇಳಿದರು. ಅಪ್ಪ ರಾತ್ರಿಯೂಟ ಮುಗಿಸಿ, ಆಫೀಸಿನಲ್ಲಿ ಬೇಡವಾಗಿ ಉಳಿದ ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದರು. ದಿನಕ್ಕೊಂದು ಚೌಕ. ಓಟಕ್ಕೆ ಕೆಂಪು ಮಸಿ, ಕಸರತ್ತಿಗೆ ನೀಲಿ, ಆಹಾರಕ್ಕೆ ಹಸಿರು. ಪುಸ್ತಕದಲ್ಲಿ ಮೊಟ್ಟೆ ಎಂದು ಇದ್ದ ಕಡೆಯೆಲ್ಲ ನೆನೆಸಿದ ಕಡಲೆಕಾಳು ಎಂದು ಬರೆದರು. ದನದ ಮಾಂಸದ ಸಾರು ಎಂದು ಇದ್ದ ಸಾಲನ್ನು ಅಜ್ಜಿಗೆ ಓದಿ ಹೇಳುವ ಧೈರ್ಯ ಮಾಡದೆ ಮೆಣಸಿನ ಸಾರು ಎಂದು ತಿದ್ದಿದರು. ಒಂದೇ ಒಂದು ಚೌಕವೂ ಖಾಲಿ ಇರಲಿಲ್ಲ. ಖಾಲಿ ಬಿಡುವುದು ಅವರ ಕಣ್ಣಿಗೆ ಅರ್ಧ ಮುಗಿಸಿದ ಡ್ರಾಯಿಂಗಿನಂತೆ ಕಾಣುತ್ತಿತ್ತು. ಹಾಳೆ ಗೋಡೆಗೇರಿತು.

ಬೆಳಕು ಹರಿಯುವ ಮೊದಲೇ ಅಪ್ಪ, ನಾನು ಉಪ್ಪಿನ ಗದ್ದೆಗಳ ಕಡೆಯ ರಸ್ತೆಗೆ ಹೋಗುತ್ತಿದ್ದೆವು. ಒಂದು ಕಡೆ ಬಿಳಿ ದಿಬ್ಬಗಳು, ಇನ್ನೊಂದು ಕಡೆ ಗೂಡ್ಸ್ ಗಾಡಿಯ ಹಳಿ. ಅಪ್ಪ ಪಂಚೆಯ ಮೇಲೆ ಕೋಟು ಹಾಕಿ, ಮಳೆ ನಿಂತ ಮೇಲೂ ಕೊಡೆ ಹಿಡಿದು, ಒಂದು ಲೈಟುಕಂಬದ ಕೆಳಗೆ ನಿಲ್ಲುತ್ತಿದ್ದರು. ನಾನು ಕಂಬದಿಂದ ಕಂಬಕ್ಕೆ ಓಡಬೇಕು. ಈ ವಾರ ಇಲ್ಲಿಯವರೆಗೆ, ಮುಂದಿನ ವಾರ ಇನ್ನೊಂದು ಕಂಬ ಆಚೆಗೆ. ಈ ಒಂದು ವಿಷಯದಲ್ಲಿ ಅಪ್ಪ ಮತ್ತು ಆ ಚಿರತೆಚರ್ಮದವನು ಇಬ್ಬರೂ ಸರಿಯಾಗಿಯೇ ಇದ್ದರು. ಮೈಗೆ ತಿಳಿಯದಂತೆ ಸ್ವಲ್ಪಸ್ವಲ್ಪವೇ ಹೊರೆ ಏರಿಸಬೇಕು. ಮುಂದೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ ವರ್ಷಗಟ್ಟಲೆ ನಾನೂ ಅದನ್ನೇ ಹೇಳಿಕೊಟ್ಟೆ. ಓಡುವ ಮೊದಲು ಮೈ ಬಿಸಿ ಮಾಡಿಕೊಳ್ಳಬೇಕು ಎಂಬುದು ಮಾತ್ರ ಪುಸ್ತಕದಲ್ಲಿರಲಿಲ್ಲ. ಅದನ್ನು ಹೇಳಿದ್ದು ಅಮ್ಮ, ಓಡಿ ಸೆಟೆದ ನನ್ನ ಮೀನಖಂಡಗಳನ್ನು ಹರಳೆಣ್ಣೆ ಹಚ್ಚಿ ನೀವುತ್ತಾ.

“ಹೆಂಚು ಕಾಯೋಕೆ ಮುಂಚೆ ಹಿಟ್ಟು ಹುಯ್ದರೆ ದೋಸೆ ಏಳುತ್ತೇನೇ? ಮೊದಲು ಸ್ವಲ್ಪ ನಡಿ, ಆಮೇಲೆ ಓಡು.”

ಅಲ್ಲಿಗೆ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಪುಸ್ತಕ ಗುಂಡು ಎತ್ತುವವರಿಗಾಗಿ ಬರೆದದ್ದು. ಅಪ್ಪನಿಗೆ ಅದರಲ್ಲಿ ಅರ್ಧಂಬರ್ಧ ಮಾಡುವುದು ಒಗ್ಗದು. ಸಂಜೆ ಶಾಲೆಯಿಂದ ಬಂದವಳು ನೀರು ತುಂಬಿದ ಎರಡು ತಂಬಿಗೆಗಳನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಬೇಕು. ಅಪ್ಪ ಅಳತೆಯ ಟೇಪಿನಲ್ಲಿ ನನ್ನ ತೋಳಿನ ಸುತ್ತಳತೆ ನೋಡಿ ಹುಬ್ಬುಗಂಟಿಕ್ಕುತ್ತಿದ್ದರು. ಕೈನೋವಿನಿಂದ ಜಡೆ ಹೆಣೆದುಕೊಳ್ಳಲಾಗದೆ ಶಾಲೆಗೆ ಹೋದ ದಿನ ಪಿ.ಟಿ. ಮಿಸ್ಸು ವಿಷಯ ತಿಳಿದು ಹಣೆ ಚಚ್ಚಿಕೊಂಡರು.

“ಅರೇ, ತುಮ್ಹೇ ದೌಡ್‌ನಾ ಹೈ ಯಾ ಪಾನಿ ಭರ್‌ನಾ ಹೈ? ಓಡಬೇಕೋ, ನೀರು ಹೊರಬೇಕೋ? ನಿಮ್ಮ ಅಪ್ಪನಿಗೆ ಹೇಳು, ಓಡೋ ಹುಡುಗಿ ಓಡಬೇಕು, ಅಷ್ಟೇ.”

ಹೇಳಿದೆ. ತಂಬಿಗೆ ಹೋಯಿತು. ಆ ಹೊತ್ತಿಗೆ ತಿಂಗಳು ತಿರುಗಿತ್ತು, ನಾನು ಹೊರಗಾದೆ. ನಮ್ಮ ಮನೆಯಲ್ಲಿ ಹೊರಗೆ ಕೂರುವುದೆಂದರೆ ಊರಿನಂತೆ ಹಿತ್ತಿಲಿನ ಪಕ್ಕದ ಕೋಣೆಯಲ್ಲಿ ಕೂರುವುದಲ್ಲ. ಹಿತ್ತಿಲನ್ನು ಎಲ್ಲಿಂದ ತರುವುದು? ಕೋಣೆಯ ಬಾಗಿಲಿನ ಹಿಂದೆ, ಕಿಟಕಿಯ ಕೆಳಗೆ, ಒಂದು ಚಾಪೆ, ಒಂದು ಕಂಬಳಿ, ಬೇರೆ ತಟ್ಟೆ, ಬೇರೆ ಲೋಟ. ಅಜ್ಜಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯುತ್ತಿದ್ದರು. ಮೂರು ದಿನ ಆ ಗೆರೆ ದಾಟಿದರೆ ಗ್ಯಾಲರಿಯ ಕೊನೆಯ ಪಾಯಿಖಾನೆಗೆ ಮಾತ್ರ. ಶಾಲೆಗೆ ಜ್ವರ ಎಂದು ಹೇಳಿಕಳಿಸುತ್ತಿದ್ದರು. ಓಟವಂತೂ ಇಲ್ಲವೇ ಇಲ್ಲ. ಚಾಪೆಯ ಮೇಲೆ ಕೂತು ನಾನು ಹಲ್ಲು ಕಚ್ಚಿದರೆ, ಗೋಡೆಯ ಹಾಳೆಯ ಮುಂದೆ ನಿಂತು ಅಪ್ಪ ಹಲ್ಲು ಕಚ್ಚುತ್ತಿದ್ದರು. ಮೂರು ಚೌಕ ವ್ಯರ್ಥ! ನಾಲ್ಕನೆಯ ದಿನ ತಲೆಗೆ ನೀರೆರೆದುಕೊಂಡು ಬಂದವಳಿಗೆ ಅಪ್ಪ ಆಫೀಸಿನ ಭಾಷೆಯಲ್ಲಿ ಹೇಳಿದರು:

“ಅರಿಯರ್ಸ್ ಇದೆ, ನಾಗು. ಇವತ್ತಿನದರ ಜೊತೆ ಹಿಂದಿನದೂ ಸೇರಿಸಿ ಓಡ್ಬೇಕು.”

ಆ ವಾರವೆಲ್ಲ ಒಂದಕ್ಕೆರಡು ಓಡಿದೆ. ವಾರದ ಕೊನೆಗೆ ಮೊಳಕಾಲಿನ ಕೆಳಗೆ, ಎಲುಬಿನ ಉದ್ದಕ್ಕೂ, ಸೂಜಿಯಿಂದ ಹೊಲಿದಂಥ ನೋವು. ಹರಳೆಣ್ಣೆ, ಬಿಸಿನೀರು, ಉಪ್ಪಿನ ಶಾಖ ಎಲ್ಲ ಆಯಿತು. ನೋವು ಒಂದಿಷ್ಟು ಇಳಿದರೂ ಕಾಲು ನನ್ನದಲ್ಲವೆಂಬಂತೆ ಭಾರವಾಯಿತು. ಮೊದಲು ಅಪ್ಪ ಕೊಡೆ ಬಗಲಿಗೆ ಇಟ್ಟುಕೊಳ್ಳುವಷ್ಟರಲ್ಲಿ ತಲುಪುತ್ತಿದ್ದ ಕಂಬಕ್ಕೆ ಈಗ ಏದುಸಿರು ಬಿಟ್ಟು ತಲುಪುತ್ತಿದ್ದೆ. ಅಪ್ಪ ಗಡಿಯಾರ ನೋಡಿ ಮುಂದಿನ ಕಂಬದತ್ತ ಕೊಡೆ ತೋರಿಸುತ್ತಿದ್ದರು. ನಿಧಾನವಾದವಳಿಗೆ ಇರುವ ಮದ್ದು ಅವರ ಲೆಕ್ಕದಲ್ಲಿ ಒಂದೇ, ಇನ್ನೂ ಹೆಚ್ಚು ಓಡಿಸುವುದು. ರಾತ್ರಿ ಮಲಗಿದರೂ ಕಾಲು ಸುಮ್ಮನಿರದೆ ಪಕ್ಕದಲ್ಲಿ ಮಲಗಿದ ಶೀನುವನ್ನು ಒದೆಯುತ್ತಿತ್ತು. ಊಟ ಸೇರದು. ಕಾರಣವಿಲ್ಲದೆ ಅಳು. ಓಡಬೇಕೆಂದು ಬೀದಿಗೆ ಕೇಳುವಂತೆ ಅತ್ತವಳಿಗೆ ಬೆಳಗ್ಗೆ ಎದ್ದು ಓಡುವುದೆಂದರೆ ಹೆದರಿಕೆಯಾಗತೊಡಗಿತು. ಯಾರಿಗೆ ಹೇಳಲಿ? ಹೇಳಿದರೆ ಅಜ್ಜಿ ಗೆಲ್ಲುತ್ತಾರೆ.

ದೀಪಾವಳಿ ಬಂತು, ಹೋಯಿತು. ಹಾಳೆಯ ಕೊನೆಯ ಸಾಲು ಉಳಿಯಿತು. ಆ ಸಾಲನ್ನು ನೋಡಿದರೇ ನನಗೆ ಕಾಲು ನೋಯುತ್ತಿತ್ತು, ಅಷ್ಟು ಕೆಂಪು ಮಸಿ ಅಲ್ಲಿತ್ತು. ನಮ್ಮಂಥ ಮನೆಗಳ ರೋಗವೇ ಅದು. ನಮ್ಮವರು ಬದುಕಿನಲ್ಲಿ ಗೆದ್ದದ್ದೆಲ್ಲ ಪರೀಕ್ಷೆಗಳಿಂದ. ಪರೀಕ್ಷೆ ಗೆದ್ದದ್ದೆಲ್ಲ ಕೊನೆಯ ವಾರ ನಿದ್ದೆಗೆಟ್ಟು. ಅಪ್ಪ ಬೀದಿ ದೀಪದ ಕೆಳಗೆ, ಜುಟ್ಟಿಗೆ ದಾರ ಕಟ್ಟಿ ಓದಿ ಪಾಸಾದವರು. ಓಟದ ಹಿಂದಿನ ದಿನಗಳಲ್ಲೇ ಅತಿ ಹೆಚ್ಚು ಓಡಬೇಕು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಾಲು ಪಠ್ಯಪುಸ್ತಕವಲ್ಲ ಎಂದು ಅವರಿಗೆ ಹೇಳುವವರಾದರೂ ಯಾರು? ಸರಿಯಾಗಿ ಆ ಸಾಲಿನ ಮೊದಲ ಬೆಳಗ್ಗೆ ನಾನು ಮತ್ತೆ ಹೊರಗಾದೆ. ನಾಲ್ಕನೆಯ ದಿನ ನೀರು, ಅಂದೇ ಮಧ್ಯಾಹ್ನ ಓಟ.

ನಾನು ಬಾಯಿಬಿಡಲೇ ಬಾರದೆಂದು ಇದ್ದೆ. ಒಂದೇ ಕೋಣೆಯ ಮನೆಯಲ್ಲಿ ಏನನ್ನು ಮುಚ್ಚಿಡುವುದು? ಅಜ್ಜಿ ಚಾಪೆ ಹಾಸಿದರು. ಅಪ್ಪ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಬಂದರು.

“ಅಮ್ಮಾ, ಇದೊಂದ್ಸಲ ಬಿಟ್ಬಿಡು. ಇದು ಮುಂಬಯಿ. ಇಲ್ಲಿ ಯಾರು ನೋಡ್ತಾರೆ?”

“ಯಾರು ನೋಡದೇ ಇದ್ರೂ ನಾನು ನೋಡ್ತೀನಲ್ಲೋ ಕಿಟ್ಟಾ. ನನ್ನ ಕಣ್ಣು ಕಿತ್ತುಬಿಡು, ಆಮೇಲೆ ಓಡಿಸ್ಕೋ.”

“ಮೂರು ದಿನ ಕೂರಿಸಿದ್ರೆ ಎರಡು ತಿಂಗಳು ಪಟ್ಟಿದ್ದೆಲ್ಲ ನೀರಲ್ಲಿ ಹೋಮ! ನಿಂಗೆ ಅವಳು ಸೋಲ್ಲೀ ಅಂತಾನೇ ಇದೆ.”

“ಹಾಗಂದ್ಯಾ? ಸರಿ. ಅವಳು ಆ ಗೆರೆ ದಾಟಿದ್ರೆ ಈ ಮನೇಲಿ ನಾನು ಒಂದು ತೊಟ್ಟು ನೀರು ಮುಟ್ಟಲ್ಲ.”

ಅಜ್ಜಿ ಹೇಳಿದರೆ ಹೇಳಿದಂತೆ ಮಾಡುವವರೇ. ಅಪ್ಪ ಅಂದು ಊಟ ಮಾಡದೆ ಆಫೀಸಿಗೆ ಹೋದರು. ಹೋಗುವಾಗ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದರೆಂದರೆ ರೈಲಿಲ್ಲದೆಯೂ ಸಟ್ಟುಗಗಳು ಕಿಣಿಗುಟ್ಟಿದವು. ನಾನು ಚಾಪೆಯ ಮೇಲೆ ಮುಖ ತಿರುಗಿಸಿ ಕೂತೆ. ಅಜ್ಜಿಯನ್ನು ನಾನು ಆ ದಿನ ಮನಸಾರೆ ದ್ವೇಷಿಸಿದೆ. ಕಾಲು ಕುಣಿಯುತ್ತಿತ್ತು, ಉಗುರು ಚಾಪೆಯ ಹುಲ್ಲನ್ನು ಒಂದೊಂದೇ ಕೀಳುತ್ತಿತ್ತು. ಕಿಟಕಿಯಾಚೆ ಬೀದಿಯ ಮಕ್ಕಳು ಓಡುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಎಲ್ಲ ಮುಗಿಯಿತು, ಇನ್ನು ದಾವಣಿ, ಸೂಜಿ, ದಾರ.

ಚಾಪೆಯ ಮೇಲೆ ಕೂತವರಿಗೆ ಮನೆಯಲ್ಲಿ ಕಾಣುವುದು ಕಾಲುಗಳು ಮಾತ್ರ. ಬೇರೆ ಕೆಲಸವಿಲ್ಲದೆ ನಾನು ಅಮ್ಮನ ಕಾಲುಗಳನ್ನು ನೋಡುತ್ತಿದ್ದೆ. ನಲ್ಲಿಯಿಂದ ಒಲೆಗೆ, ಒಲೆಯಿಂದ ಗ್ಯಾಲರಿಯ ಹಗ್ಗಕ್ಕೆ, ಅಲ್ಲಿಂದ ಒರಳಿಗೆ, ಅಜ್ಜಿಯ ಮಡಿಬಟ್ಟೆಗೆ, ಶೀನುವಿನ ಕಳೆದುಹೋದ ಚಡ್ಡಿಗೆ, ಮತ್ತೆ ಒಲೆಗೆ. ಹಿಮ್ಮಡಿ ಒಡೆದಿತ್ತು. ಕಾಲುಂಗುರ ಸವೆದು ತೆಳ್ಳಗಾಗಿತ್ತು. ನನ್ನ ತಟ್ಟೆಗೆ ಮೇಲಿನಿಂದ ಮೆಣಸಿನ ಸಾರು, ತುಪ್ಪ, ಎಳ್ಳುಬೆಲ್ಲ ಬೀಳುತ್ತಿತ್ತು, ಕಾಲುಗಳು ಹೊರಟುಹೋಗುತ್ತಿದ್ದವು. ನನಗೆ ಹಸಿವು ಹಿಂದಿರುಗಿತ್ತು. ಎರಡನೆಯ ದಿನ ಮಧ್ಯಾಹ್ನ ಕೂತಲ್ಲೇ ನಿದ್ದೆ ಎಳೆಯಿತು. ಎಚ್ಚರವಾದಾಗ ಗೆರೆಯಾಚೆ ಅಜ್ಜಿ ಹತ್ತಿ ಹಿಂಜಿ ಹೂಬತ್ತಿ ಮಾಡುತ್ತಾ ಕೂತಿದ್ದರು. ನಾನು ಮಾತಾಡುವುದಿಲ್ಲವೆಂದು ಗೊತ್ತಿದ್ದೂ ಅವರೇ ಶುರುಮಾಡಿದರು.

“ನಿನ್ನ ಹಾಗೇ ನಾನೂ ಮೊದಮೊದಲು ಒದ್ದಾಡ್ತಿದ್ದೆ ಕಣೇ. ಆಮೇಲೆ ರುಚಿ ಹತ್ತಿತು.”

“ರುಚಿಯಂತೆ! ಇದ್ರಲ್ಲಿ ಏನು ರುಚಿ ಅಜ್ಜಿ?”

“ಹುಡುಗಿಯಾಗಿದ್ದಾಗಲೇ ಆ ಮನೆ ಸೇರಿದೋಳು ನಾನು. ಬಾವಿ, ಒರಳು, ಬೀಸೋ ಕಲ್ಲು, ಬಂದೋರಿಗೆಲ್ಲ ಎಲೆ ಹಾಕೋದು. ಅತ್ತೆ ಕರೀತಾರೆ, ಅತ್ತಿಗೆ ಕರೀತಾರೆ. ಈ ಮೂರು ದಿನ ಮಾತ್ರ ಯಾರೂ ‘ಬಾರೇ’ ಅನ್ನೋ ಹಾಗಿಲ್ಲ. ಮುಟ್ಟೋ ಹಾಗೇ ಇಲ್ಲ ಅಂದ್ಮೇಲೆ ಕೆಲಸ ಹೇಗೆ ಹೇಳ್ತಾರೆ? ನಿದ್ದೆ ಅಂದ್ರೆ ಏನೂಂತ ತಿಳಿದದ್ದೇ ಆಗ. ಅಷ್ಟೂ ಇಲ್ಲದೇ ಇದ್ದಿದ್ರೆ ನಾನು ಯಾವತ್ತೋ ಸತ್ತು ಹೋಗ್ತಿದ್ದೆ.”

ಅಜ್ಜಿ ಒಂದು ಬತ್ತಿ ಹೊಸೆದು ತಟ್ಟೆಗೆ ಹಾಕಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ಅಜ್ಜಿ ಅತ್ತ ನೋಡಿ ದನಿ ತಗ್ಗಿಸಿದರು.

“ನಿಮ್ಮಮ್ಮನಿಗೆ ಪಾಪ, ಶೀನು ಹುಟ್ಟಿದ ಮೇಲೆ ಗರ್ಭಕೋಶ ತೆಗೆದ್ರಲ್ಲ, ಅಲ್ಲಿಂದ ಅದೂ ಇಲ್ಲ.”

ಹೊರಗೆ ಕೂರಿಸುವ ಆ ಪದ್ಧತಿಯನ್ನು ನಾನು ಅಂದೂ ಸಹಿಸಲಿಲ್ಲ, ಇಂದೂ ಸಹಿಸುವುದಿಲ್ಲ. ನನ್ನನ್ನು ಮೈಲಿಗೆ ಎನ್ನುವ ಗೆರೆ ಯಾರು ಎಳೆದರೂ ಅಳಿಸುತ್ತೇನೆ. ಆದರೆ ಅಜ್ಜಿ ಅದರೊಳಗೆ ತನಗೆ ಬೇಕಾದ್ದನ್ನು ಬಚ್ಚಿಟ್ಟುಕೊಂಡಿದ್ದರು ಎಂಬುದು ಆ ಮಧ್ಯಾಹ್ನ ನನಗೆ ತಿಳಿಯಿತು. ಸಿಟ್ಟು ಹೋಗಲಿಲ್ಲ, ಬಿಗಿ ಮಾತ್ರ ಸಡಿಲಾಯಿತು.

ನಾಲ್ಕನೆಯ ದಿನ ತಲೆಗೆ ಎರೆದುಕೊಂಡು, ಒದ್ದೆ ಕೂದಲಲ್ಲೇ ಶಾಲೆಯ ಹುಡುಗಿಯರ ಜೊತೆ ಮೈದಾನಕ್ಕೆ ಹೋದೆ. ಬೇರೆ ಬೇರೆ ಶಾಲೆಗಳ ಹುಡುಗಿಯರು, ಕೆಲವರ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ನಾನು ಬರಿಗಾಲು. ಮೈ ಬಿಸಿಯಾಗಲೆಂದು ಅಮ್ಮ ಹೇಳಿದಂತೆ ಒಂದಿಷ್ಟು ನಡೆದೆ, ಒಂದಿಷ್ಟು ಕುಪ್ಪಳಿಸಿದೆ. ಎಲುಬಿನ ನೋವನ್ನು ಹುಡುಕಿದೆ, ಸಿಗಲಿಲ್ಲ. ಅಪ್ಪ ಅರ್ಧ ದಿನದ ರಜೆ ಹಾಕಿ ಬಂದು, ಸುಣ್ಣದ ಗೆರೆಯ ಆಚೆ ಕೊಡೆ ಹಿಡಿದು ನಿಂತಿದ್ದರು. ಸೋಲು ನೋಡಲು ಬಂದವರ ಮುಖ. ಸೀಟಿ ಊದಿದರು. ಅರ್ಧ ಸುತ್ತಿನವರೆಗೆ ನಾನು ಮೂವರ ಹಿಂದೆಯೇ ಇದ್ದೆ. ಅಷ್ಟು ಹೊತ್ತಿಗೆ ಭಾರವಾಗಬೇಕಿದ್ದ ಕಾಲು ಭಾರವಾಗಲಿಲ್ಲ. ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿತ್ತು. ಮೂರು ದಿನ ಚಾಪೆಯ ಮೇಲೆ ಕುಣಿದ ಕಾಲು, ಬಿಟ್ಟರೆ ಸಾಕೆಂದು ಕಾದಿತ್ತು. ತಿರುವಿನಲ್ಲಿ ಒಬ್ಬಳನ್ನು ದಾಟಿದೆ. ಅಪ್ಪನ ಕೂಗು ಕೇಳಿತು, “ಕೈ ಬೀಸು ನಾಗೂ, ಕೈ!” ಗೆರೆ ಮುಟ್ಟುವ ಮೊದಲು ಇನ್ನೊಬ್ಬಳ ಜಡೆ ನನ್ನ ಭುಜದ ಹಿಂದೆ ಹೋಯಿತು. ಎತ್ತರದ ಒಬ್ಬ ಹುಡುಗಿ ಮಾತ್ರ ನನಗಿಂತ ಮುಂದಿದ್ದಳು. ಎರಡನೆಯವಳು ನಾನೇ. ನಾನು ಹುಲ್ಲಿನ ಮೇಲೆ ಬಿದ್ದು ನಕ್ಕೆ. ಪಿ.ಟಿ. ಮಿಸ್ಸು ಓಡಿಬಂದು, ಮೊನ್ನೆಯವರೆಗೆ ಎಮ್ಮೆಯಂತೆ ಓಡುತ್ತಿದ್ದವಳು ಇವತ್ತು ಏನು ತಿಂದು ಬಂದೆ ಎಂದು ಕೇಳಿದರು. ಮೂರು ದಿನ ಮಲಗಿದ್ದೆ ಎಂದೆ.

“ಅಚ್ಛಾ ಕಿಯಾ, ಒಳ್ಳೇದು ಮಾಡಿದೆ. ಓಡಿದಾಗ ಕಾಲು ಸವೆಯುತ್ತೆ, ಮಲಗಿದಾಗ ಬೆಳೆಯುತ್ತೆ. ನಿಮ್ಮಪ್ಪನಿಗೆ ಕಡೆಗೂ ಗೊತ್ತಾಯ್ತು ಅನ್ನು.”

ಸಂಜೆ ಮನೆಯಲ್ಲಿ ಗೆದ್ದವರು ಬಹಳ ಜನ. ಅಪ್ಪ ಗೋಡೆಯ ಹಾಳೆಯನ್ನು ಕಾಕುವನ್ನೂ ಕರೆದು ತೋರಿಸಿದರು. ಅಜ್ಜಿ, ತಾನು ಕೂರಿಸದಿದ್ದರೆ ಹುಡುಗಿ ದಾರಿಯಲ್ಲೇ ಕುಸಿಯುತ್ತಿದ್ದಳು ಎಂದರು. ಶೀನು ಗೆರೆಯಾಚೆಯಿಂದ ತಾನು ನನಗೆ ಕದ್ದು ದಾಟಿಸಿದ ಕಡಲೆಕಾಳಿನ ಮಹಿಮೆ ಹೇಳಿದ. ಒಪ್ಪಂದ ಒಪ್ಪಂದವೇ. ಓಟ ನಿಲ್ಲುವುದಿಲ್ಲ ಎಂದು ಅಜ್ಜಿ ಬಾಯಿಬಿಟ್ಟು ಹೇಳುವವರೆಗೆ ನಾನು ಅವರ ಮುಂದಿನಿಂದ ಏಳಲಿಲ್ಲ. ಕೂಡಲೇ ಅಪ್ಪ ಹೊಸ ಹಾಳೆ ಹಾಸಿ, ಪೂನಾ ಓಟಕ್ಕೆಂದು ಚೌಕ ಎಳೆಯತೊಡಗಿದರು. ಕೆಂಪು ಮಸಿ ಕೈಗೆತ್ತಿಕೊಂಡಾಗ ನಾನು ನೆಲದ ಮೇಲೆ ಕೂತು ಹಾಳೆಯ ಮೇಲೆ ಅಂಗೈ ಇಟ್ಟೆ.

“ಇಲ್ಲಿ ಖಾಲಿ ಬಿಡಿ ಅಪ್ಪ. ಇಲ್ಲೂ. ಓಟಕ್ಕೆ ಮುಂಚಿನ ಈ ಮೂರೂ.”

“ಖಾಲಿ ಬಿಟ್ರೆ ಏನು ಮಾಡ್ತೀಯ?”

“ಮಲಗ್ತೀನಿ. ಅಜ್ಜಿ ಕೂರಿಸ್ಲಿ, ಕೂರಿಸದೇ ಇರ್ಲಿ. ಇದು ನನ್ನದು.”

ಅಪ್ಪನಿಗೆ ಅದು ಒಗ್ಗಲಿಲ್ಲ. ಅಜ್ಜಿಯ ಮುಖ ನೋಡಿದರು, ನನ್ನ ಕಾಲು ನೋಡಿದರು, ಮಸಿಯ ಸೀಸೆಯ ಮುಚ್ಚಳ ತಿರುಗಿಸಿ ತಿರುಗಿಸಿ ಕೊನೆಗೆ ಚೌಕಗಳನ್ನು ಬಿಟ್ಟರು. ಬಿಳಿಯಾಗಿ, ಹಾಗೇ. ಈ ಹೊತ್ತಿಗೂ ನನ್ನ ಬಳಿ ಓಟ ಕಲಿಯಲು ಬಂದ ಹುಡುಗಿಯರಿಗೆ ನಾನು ಮೊದಲು ಗುರುತು ಹಾಕಿಕೊಡುವುದು ಓಡುವ ದಿನಗಳನ್ನಲ್ಲ, ಓಡದ ದಿನಗಳನ್ನು. ಅದನ್ನು ಕೇಳಿ ಪಡೆಯಬೇಕು, ಯಾರೂ ತಾವಾಗಿ ಕೊಡುವುದಿಲ್ಲ ಎಂದು ನಾನು ಕಲಿತದ್ದು ಆ ಸಂಜೆಯೇ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

“ಏನೂಂದ್ರೆ, ಅಷ್ಟು ದೊಡ್ಡ ಹಾಳೆ ಇದೆಯಲ್ಲ. ನನಗೂ ಒಂದು ಚೌಕ ಖಾಲಿ ಬಿಡಿ.”

“ನಿಂಗ್ಯಾವ ಓಟವೇ?” ಎಂದರು ಅಪ್ಪ.

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಸುರಿಯುವ ಸದ್ದಾಯಿತು. ಅಮ್ಮ ಒಳಗೆ ಓಡಿದಳು.